ಮುನಿಯಲ್ಲಮ್ಮ ಸೈತಾನನಿಗೆ ಊಂಗುಟ್ಟಿದ್ದು

"ಊಂ ಅನ್ನೋದು ಅಂದ್ರೆ ಸುಮ್ಕೆ ಅಲ್ಲ ಕಣವ್ವ. ಎಮ್ಮೆ ಕೂಗ್ದಂಗೆ ಕೂಗ್ಬಿಟ್ರೆ ಆಯ್ತಾ? ಕತೆ ಏಳೋನು ಉಸಿರು ತಗೊಳ್ಳೋ ತಾವು ನೋಡ್ಕೊಂಡು ಅನ್ಬೇಕು. ರಾಜಕುಮಾರ ಕಾಡಿಗೆ ಒಂಟ ಅಂದ್ರೆ ಸಣ್ಣದಾಗಿ ಊಂ. ಕಾಡ್ನಾಗೆ ದಾರಿ ತಪ್ತು ಅಂದ್ರೆ ಒಸಿ ಎಳ್ದು ಊಂ. ರಾಕ್ಷಸ ಬಂದ ಅಂದಾಗ ಮಾತ್ರ ಗಟ್ಟಿಯಾಗಿ ಅನ್ಬೇಕು. ಇಲ್ಲಿ ಜನ ಎಚ್ಚರವಾಗವ್ರೆ ಅಂತ ಅವ್ನಿಗೂ ಗೊತ್ತಾಗ್ಬೇಕಲ್ಲ. ಊಂ ಅನ್ನೋರಿಲ್ದಿದ್ರೆ ಕತೆಗೆ ಬೇಲಿ ಇಲ್ಲ. ಬೇಲಿ ಇಲ್ದಿದ್ರೆ ರಾಕ್ಷಸ ಅದ್ರೊಳ್ಗೇ ಯಾಕಿರ್ತಾನೆ? ಎದ್ದು ಬತ್ತಾನೆ, ಯಾರ ಮನೆ ಕದ ತೆಗ್ದಿದ್ರೆ ಅಲ್ಲೋಗಿ ಕುಂತ್ಕತಾನೆ. ನಮ್ಮ ಚಿಕ್ಕಮಾರಯ್ಯ ಮಾವ ಒಂದ್ಸಲ ಜ್ವರದಾಗೆ ಒಬ್ನೇ ಕತೆ ಏಳ್ಕೊಂಡು ಬಿದ್ಕೊಂಡಿದ್ದ. ಊಂ ಅನ್ನೋಕೆ ಒಂದ್ ನರಪಿಳ್ಳೆ ಇಲ್ಲ. ಮಾರ್ನೆ ದಿನ ಪಟೇಲ್ರ ಮನೆ ಅಟ್ಟದ ಮೇಲಿದ್ದ ಬೆಲ್ಲ ಎಲ್ಲಾ ಖಾಲಿ. ಇಲಿ ತಿಂದವೆ ಅಂದ್ರು. ಇಲಿಯಂತೆ, ಇಲಿ. ನಾನೇನ್ ಅವ್ರ ಬಾಯಿ ಇಡಿಯಕ್ಕಾಯ್ತದಾ?"

ಹೀಗೆ ಹೇಳುತ್ತಿದ್ದವಳು ಯಲಹಂಕದ ಹತ್ತಿರದ ಸಿಂಗಾಪುರವೆಂಬ ಹಳ್ಳಿಯ ಎಮ್ಮೆ ಹಾಲಿನ ಮುನಿಯಲ್ಲಮ್ಮ. ಆ ಊರಿನಲ್ಲಿ ಕತೆ ಹೇಳುವವರು ಒಬ್ಬಿಬ್ಬರಿದ್ದರು. ಹೂಂಗುಟ್ಟುವುದರಲ್ಲಿ ಮಾತ್ರ ಅವಳ ಸಮ ಯಾರೂ ಇರಲಿಲ್ಲ. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಜಗಲಿಯ ಮೇಲೆ ಕೂತು, ನೆನೆಹಾಕಿದ ಕಾಳನ್ನು ಹಿತುಕುತ್ತಿದ್ದರೆ, ಮುದುಕ ಚಿಕ್ಕಮಾರಯ್ಯ ಕಂಬಕ್ಕೆ ಒರಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕತೆ ಶುರುಮಾಡುವ ಮುಂಚೆ ಅವನು ಕೇಳುತ್ತಿದ್ದ ಮಾತು ಒಂದೇ: "ಮುನಿಯಲ್ಲಿ ಬಂದವ್ಳಾ?"

ಬರದೆ ಎಲ್ಲಿಗೆ ಹೋಗುತ್ತಾಳೆ. ಆದರೆ ಮಗಳು ಚೆಲುವಿ ತೀರಿಕೊಂಡ ಮೇಲೆ ಅವಳು ಕತೆ ಕೇಳುವ ರೀತಿ ಬೇರೆಯಾಯಿತು. ಹುಡುಗಿ ಆರು ವರ್ಷದವಳು. ಹುಣಸೆಹಣ್ಣು ಕದ್ದು ತಿಂದು ಓಡಾಡಿಕೊಂಡಿದ್ದವಳು ಜ್ವರ ಬಂದು ಹೋಗಿಯೇಬಿಟ್ಟಳು. ಮುನಿಯಲ್ಲಮ್ಮ ಎದೆ ಬಡಿದುಕೊಂಡು ಅತ್ತಳು, ಆಮೇಲೆ ಸುಮ್ಮನಾದಳು. ಅವಳ ಮನಸ್ಸಿನಲ್ಲಿ ಒಂದೇ ಲೆಕ್ಕ. ಇದು ಯಾವನೋ ಒಬ್ಬ ರಾಕ್ಷಸ ಮಾಡಿದ ಕೆಲಸ. ಅವನ ಪ್ರಾಣ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದನ್ನು ಯಾರಾದರೂ ಹಿಸುಕಿದರಾ ಇಲ್ಲವಾ?

ಚಿಕ್ಕಮಾರಯ್ಯನ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣಿಯೊಳಗೆ ಇರುತ್ತಿತ್ತು. ರಾಜಕುಮಾರ ಹೋಗಿ ಗಿಣಿಯ ಕತ್ತು ಮುರಿಯುತ್ತಿದ್ದ. ಮರುದಿನ ಇನ್ನೊಂದು ಕತೆ, ಇನ್ನೊಬ್ಬ ರಾಕ್ಷಸ.

"ಮಾವ, ಇವ್ನು ನಿನ್ನೇನೇ ಸತ್ನಲ್ಲ?" ಎಂದು ಅವಳು ಕೇಳಿದಳು.

"ಅವ್ನು ಬೇರೆ, ಇವ್ನು ಬೇರೆ."

"ಇಬ್ರಿಗೂ ಒಂದೇ ಮೀಸೆ ಏಳಿದ್ಯಲ್ಲ."

"ಲೇ, ನಾನು ಕತೆ ಏಳೋನು ಕಣಮ್ಮಿ. ರಾಕ್ಷಸರ ಜನಗಣತಿ ಮಾಡೋನಲ್ಲ."

ಹೆಂಗಸರೆಲ್ಲ ನಕ್ಕರು. ಮುನಿಯಲ್ಲಮ್ಮನೂ ನಕ್ಕಳು. ಆದರೆ ಅವಳಿಗೆ ಬೇಕಾಗಿದ್ದುದು ಅಲ್ಲಿ ಸಿಗುವಂತಿರಲಿಲ್ಲ. ಒಂದು ಸಲ ಸತ್ತರೆ ಸತ್ತೇ ಹೋಗುವ ರಾಕ್ಷಸನ ಕತೆ ಅವಳಿಗೆ ಬೇಕಾಗಿತ್ತು.

ಅವಳು ಯಲಹಂಕದ ಉಪದೇಶಿ ಸಿಮಿಯೋನಪ್ಪನವರ ಮನೆಗೆ ಹಾಲು ಹಾಕುತ್ತಿದ್ದಳು. ಮನೆಯ ಪಕ್ಕದಲ್ಲೇ ಹೆಂಚಿನ ಪ್ರಾರ್ಥನೆ ಮನೆ. ಉಪದೇಶಿಗಳು ಬಹಳ ಸಾಧು, ದನಿಯೂ ಸಾಧು. ಅವರ ಪ್ರಸಂಗದಲ್ಲಿ ಒಳ್ಳೆಯ ನಿದ್ದೆ ಬರುತ್ತದೆಂದು ಸಭೆಯವರೇ ಹೇಳಿಕೊಳ್ಳುತ್ತಿದ್ದರು. ಒಂದು ಭಾನುವಾರ ಎಮ್ಮೆ ತಕರಾರು ಮಾಡಿ ಹಾಲು ತಡವಾಯಿತು. ಮುನಿಯಲ್ಲಮ್ಮ ಬರುವಷ್ಟರಲ್ಲಿ ಉಪದೇಶಿಗಳ ಹೆಂಡತಿ ಸುಗುಣಮ್ಮನವರು ಒಳಗೆ ಪ್ರಾರ್ಥನೆಯಲ್ಲಿದ್ದರು. ಇವಳು ಹಾಲಿನ ಚೆಂಬು ಇಟ್ಟುಕೊಂಡು ಪ್ರಾರ್ಥನೆ ಮನೆಯ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತಳು.

ಒಳಗೆ ಉಪದೇಶಿಗಳು ಹೇಳುತ್ತಿದ್ದರು, ಯೇಸುಸ್ವಾಮಿ ಅಡವಿಯಲ್ಲಿ ಒಬ್ಬರೇ ಉಪವಾಸ ಇದ್ದರು, ಹೊಟ್ಟೆ ಹಸಿದಿತ್ತು, ಆಗ ಸೈತಾನ ಬಂದ. ಅಷ್ಟು ಹೇಳಿ ಉಸಿರು ತೆಗೆದುಕೊಳ್ಳಲು ನಿಂತರು.

ಒಬ್ಬರೂ ಹೂಂ ಅನ್ನಲಿಲ್ಲ.

ಮುನಿಯಲ್ಲಮ್ಮ ಬಾಗಿಲಿನಿಂದ ಒಳಗೆ ಇಣುಕಿದಳು. ಅಷ್ಟೊಂದು ಜನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ನಾಲ್ಕೂ ಕಿಟಕಿ ತೆಗೆದಿದೆ. ಪಕ್ಕದ ಮನೆಯ ತೊಟ್ಟಿಲಲ್ಲಿ ಸುಗುಣಮ್ಮನವರ ಕೂಸು ಮಲಗಿದೆ. ಸೈತಾನ ಬಂದು ನಿಂತಾಗಿದೆ.

"ಊಂ," ಎಂದಳು, ಗಟ್ಟಿಯಾಗಿ.

ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿತು. ತೂಕಡಿಸುತ್ತಿದ್ದವರು ಬೆಚ್ಚಿಬಿದ್ದು ಆಮೆನ್ ಅಂದರು. ಉಪದೇಶಿಗಳು ಕನ್ನಡಕ ಸರಿಮಾಡಿಕೊಂಡು, "ಬಂದು... ಕಲ್ಲು ತೋರಿಸಿ, ಇದನ್ನ ರೊಟ್ಟಿ ಮಾಡು ಅಂದ," ಎಂದರು.

"ಊಂ."

"ದೊಡ್ಡ ಕಲ್ಲು," ಎಂದುಬಿಟ್ಟರು ಉಪದೇಶಿಗಳು. ಯಾಕೆ ಹಾಗಂದರೋ ಅವರಿಗೇ ತಿಳಿಯಲಿಲ್ಲ. "ಬಿಸಿಲಿಗೆ ಕಾದ ಕಲ್ಲು. ನೋಡೋದಕ್ಕೂ ರೊಟ್ಟಿ ಥರಾನೇ ಇತ್ತು."

ಅವತ್ತು ಯಾರೂ ನಿದ್ದೆ ಮಾಡಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಸಭೆಯ ಹಿರಿಯ ಯಾಕೋಬಪ್ಪ ಬಂದು ಎದುರಿಗೆ ನಿಂತರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ತಮ್ಮ ಬಾವುಟವಿಲ್ಲದೆ ಪ್ರಪಂಚ ಹೊರಡಕೂಡದೆಂದು ಅವರ ಅಭಿಪ್ರಾಯ. "ಯಾರಮ್ಮ ನೀನು? ದೇವರ ವಾಕ್ಯ ನಡೀತಿರೋವಾಗ ಸದ್ದು ಮಾಡ್ತೀಯಾ?"

"ನೀವ್ಯಾರೂ ಮಾಡ್ಲಿಲ್ವಲ್ಲ ಸ್ವಾಮಿ, ಅದ್ಕೇ ನಾನ್ ಮಾಡ್ದೆ," ಎಂದು ಮುನಿಯಲ್ಲಮ್ಮ ಅವರನ್ನು ದಾಟಿಕೊಂಡು ಉಪದೇಶಿಗಳ ಹತ್ತಿರ ಹೋದಳು. "ಅಯ್ನೋರೆ, ಆ ಸೈತಾನ ಸತ್ನಾ?"

"ಸೋತು ಹೋದ ಕಣಮ್ಮ."

"ಸತ್ನಾ ಅಂದೆ."

"ಇಲ್ಲ. ಆಮೇಲೂ ಬರ್ತಾನೆ."

"ಅವ್ನೇನಾ, ಬೇರೆಯೋನಾ?"

"ಅವನೇ. ಮೊದಲಿಂದ ಕೊನೆವರೆಗೂ ಅವನೊಬ್ಬನೇ."

ಮುನಿಯಲ್ಲಮ್ಮ ಹಾಲಿನ ಚೆಂಬನ್ನು ಕೆಳಗಿಟ್ಟಳು. "ಕೊನೇಗೆ?"

"ಕೊನೇಗೆ ಅವನಿಗೂ ಅಂತ್ಯ ಇದೆ. ಬೇಸಿಗೆ ಹೊತ್ತಿಗೆ ಆ ಭಾಗಕ್ಕೆ ಬರ್ತೀನಿ."

ಅವತ್ತಿನಿಂದ ಭಾನುವಾರ ಸಿಂಗಾಪುರದಲ್ಲಿ ಅವಳು ಕೈಗೆ ಸಿಗಲಿಲ್ಲ. ಗಂಡ ಹನುಮಯ್ಯ ಕೇಳಿದ, "ಅವ್ರ ಮತಕ್ಕೆ ಸೇರ್ಕೊಂತೀಯೇನೇ?"

"ಕತೆ ಮುಗೀಲಿ, ಆಮೇಲೆ ನೋಡಾಣ."

"ಮುಗಿಯೋ ಗಂಟ ನಂಗೆ ಮುದ್ದೆ ಇಕ್ಕೋರು ಯಾರು?"

"ಅಲ್ಲೊಬ್ರು ಎಷ್ಟೋ ದಿವ್ಸ ಉಪಾಸ ಇದ್ರಂತೆ. ನಿಂಗೆ ಒಂದೊತ್ತು ಆಗಾಕಿಲ್ವಾ?"

ಉಪದೇಶಿಗಳಿಗೆ ಅವಳ ಹೂಂಕಾರ ಅಭ್ಯಾಸವಾಗಿಹೋಯಿತು. ಸಣ್ಣ ಹೂಂ ಬಂದರೆ ಬೇಗ ಮುಂದುವರಿಯುತ್ತಿದ್ದರು, ಎಳೆದ ಹೂಂ ಬಂದರೆ ಒಂದು ಮರವನ್ನೋ ಬಾವಿಯನ್ನೋ ಸೇರಿಸುತ್ತಿದ್ದರು. ಪ್ರಸಂಗ ಮುಗಿದ ಮೇಲೆ ಅವಳ ಬುದ್ಧಿಮಾತು ಬೇರೆ. "ಸೈತಾನ ಆವಿನ ರೂಪ್ದಾಗೆ ಬಂದು ಅಣ್ಣು ತೋರ್ಸಿದ್ ಕಡೆ ಒಸಿ ನಿಧಾನ ಮಾಡಿ ಅಯ್ನೋರೆ. ಒಂದೇ ಉಸುರಿಗೆ ಆ ಎಂಗಸ್ನ ಕೆಡಿಸ್ಬಿಟ್ರಿ. ಯಾವ ಎಂಗ್ಸು ಅಷ್ಟು ಬೇಗ ಕೆಡ್ತಾಳೆ?" ಮುಂದಿನ ವಾರ ಉಪದೇಶಿಗಳು ಸೈತಾನನಿಗೆ ಜರಿ ರುಮಾಲು ಸುತ್ತಿದರು. ಅದರ ಮುಂದಿನ ವಾರ ಅತ್ತರು ಹಚ್ಚಿದರು. ಕೆಟ್ಟದ್ದು ಕೆಟ್ಟ ವಾಸನೆ ಹೊತ್ತು ಬಂದರೆ ಯಾರು ಮೋಸ ಹೋಗುತ್ತಾರೆ, ಚೆನ್ನಾಗಿ ಕಾಣುವುದರಿಂದಲೇ ಅಲ್ಲವೇ ಅದರ ಹತ್ತಿರ ಹೋಗುವುದು, ಎಂದು ಅವರು ಕೇಳಿದಾಗ ಅತ್ತರು ಹಾಕಿಕೊಂಡು ಬಂದಿದ್ದ ಇಬ್ಬರು ಮೂವರು ತಲೆ ತಗ್ಗಿಸಿದರು. ಬೆಂಚುಗಳು ಭರ್ತಿಯಾದವು.

ಕಷ್ಟ ಬಂದದ್ದು ಮಕ್ಕಳಿಂದ. ಅಂಗಳದಲ್ಲಿ ಅಡವಿಯ ಆಟ ಆಡುವಾಗ ಎಲ್ಲರಿಗೂ ಸೈತಾನನೇ ಆಗಬೇಕು. ಸ್ವಾಮಿ ಆಗಲು ಯಾರೂ ಒಪ್ಪಲಿಲ್ಲ, ಯಾಕೆಂದರೆ ಸ್ವಾಮಿಗೆ ಊಟವೂ ಇಲ್ಲ, ರುಮಾಲೂ ಇಲ್ಲ. ಯಾಕೋಬಪ್ಪನವರ ಸ್ವಂತ ಮೊಮ್ಮಗಳು ಅಜ್ಜಿಯ ಜರಿ ಸೆರಗು ಸುತ್ತಿಕೊಂಡು, ತಾತನ ಮುಂದೆ ಕಲ್ಲು ಹಿಡಿದು, "ಇದನ್ನ ರೊಟ್ಟಿ ಮಾಡು ನೋಡೋಣ," ಎಂದಳು.

ಹಿರಿಯರು ಸೇರಿ ತೀರ್ಮಾನ ಮಾಡಿದರು. ಹಾಲಿನವಳು ಬರಬಹುದು, ಕೂತು ಕೇಳಬಹುದು. ಒಂದೇ ಒಂದು ಹೂಂ ಕೇಳಿಸಿದರೆ ಮತ್ತೆ ಗೇಟಿನೊಳಗೆ ಬರಕೂಡದು. ಇದನ್ನು ಸುಗುಣಮ್ಮನವರು ಹಾಲು ಅಳೆಸಿಕೊಳ್ಳುವಾಗ ತಿಳಿಸಿದರು. "ಈ ಭಾನುವಾರಾನೇ ಕೊನೇ ಭಾಗ ಕಣೇ ಮುನಿಯಲ್ಲಮ್ಮ. ಒಂದು ದಿನ ಬಾಯಿ ಕಟ್ಕೊ."

"ನಂಗೇನ್ರಮ್ಮ, ಕಟ್ಕೊಂತೀನಿ. ಆದ್ರೆ ಸೈತಾನ ಸಾಯೋ ಒತ್ನಾಗೆ ಊಂ ಅನ್ನೋರಿಲ್ಲ ಅಂದ್ರೆ, ಆ ನನ್ಮಗ ಸಾಯ್ತಾನಾ? ಸಂದಿ ನೋಡ್ಕೊಂಡು ಓಡೋಗ್ತಾನೆ. ಚೆಲುವಿ ಸತ್ತಾಗ್ಲಿಂದ ಈ ಒಂದ್ ಮಾತಿಗೆ ಕಾಯ್ಕೊಂಡಿದೀನಿ."

ಸುಗುಣಮ್ಮನವರು ಒಳಗೆ ಹೋಗಿ ಇನ್ನೊಂದು ಪಾತ್ರೆ ತಂದರು. ಅರ್ಧ ಪಾವು ಹೆಚ್ಚಿಗೆ ಹಾಲು ಕೊಂಡರು.

ಭಾನುವಾರ ಮುನಿಯಲ್ಲಮ್ಮ ಎಲ್ಲರಿಗಿಂತ ಮೊದಲೇ ಬಂದಳು. ನಾಲ್ಕೂ ಕಿಟಕಿ ಮುಚ್ಚಿ ಅಗುಳಿ ಹಾಕಿದಳು. ಸಭೆ ಕೂತ ಮೇಲೆ ಬಾಗಿಲನ್ನೂ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡಿದ್ದಳು, ಮರೆತು ಕೂಡ ದನಿ ಹೊರಡದ ಹಾಗೆ. ಬೇಸಿಗೆಯ ಸೆಕೆ. ಜನ ಸೆರಗಿನಿಂದ, ಟೋಪಿಯಿಂದ ಗಾಳಿ ಬೀಸಿಕೊಂಡರು. ಕಿಟಕಿ ತೆಗೆಯಲು ಎದ್ದ ಒಬ್ಬರನ್ನು ಅವಳು ನೋಡಿದ ನೋಟಕ್ಕೆ ಅವರು ಹಾಗೇ ಕೂತರು.

ಉಪದೇಶಿಗಳು ಶುರುಮಾಡಿದರು. ಯುದ್ಧವಾಯಿತು ಎಂದು ನಿಂತರು. ಸದ್ದಿಲ್ಲ. ದೇವದೂತ ಸರಪಣಿ ಹಿಡಿದು ಇಳಿದ ಎಂದು ನಿಂತರು. ಸದ್ದಿಲ್ಲ. ಅವರ ದನಿ ಹಳೆಯ ಹಾಗೆ ಸಣ್ಣದಾಗುತ್ತ ಬಂತು. "ಸೈತಾನನನ್ನು ಹಿಡಿದು..." ಎಂದವರು ಮುಂದಿನ ಮಾತು ಸಿಗದೆ ಹಿಂದಿನ ಬಾಗಿಲ ಕಡೆ ನೋಡಿದರು. ಮುನಿಯಲ್ಲಮ್ಮನ ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಸೈತಾನ ಅರ್ಧ ಹಿಡಿದ ಹಾಗೆ, ಅರ್ಧ ಬಿಟ್ಟ ಹಾಗೆ ಸಭೆಯ ನಡುವೆ ನಿಂತುಕೊಂಡ. ಉಪದೇಶಿಗಳು ಕಾದರು. ಎಲ್ಲರೂ ಕಾದರು.

"ಊಂ," ಎಂದಿತು ಒಂದು ದಪ್ಪ ದನಿ.

ಅದು ಮುಂದಿನ ಬೆಂಚಿನಿಂದ ಬಂದಿತ್ತು. ಯಾಕೋಬಪ್ಪನವರು ಸೆಟೆದು ಕೂತು ಗೋಡೆ ನೋಡುತ್ತಿದ್ದರು. ಅವರ ಕಿವಿ ಮಾತ್ರ ಕೆಂಪಾಗಿತ್ತು. "ಹೇಳಿ ಉಪದೇಶಿಗಳೇ, ಹಿಡಿದು? ಗಾಡಿ ನಡುದಾರಿಯಲ್ಲಿ ನಿಲ್ಲಿಸಿದರೆ ಹೇಗೆ?"

ಆಮೇಲೆ ಉಪದೇಶಿಗಳಿಗೆ ತಡೆಯೇ ಇರಲಿಲ್ಲ. ಸರಪಣಿ ಬಿಗಿದರು, ಬೆಂಕಿಯ ಕೆರೆಗೆ ಎತ್ತಿ ಹಾಕಿದರು. ಒಬ್ಬೊಬ್ಬರಾಗಿ ಇಡೀ ಸಭೆ ಹೂಂ ಅಂದಿತು. ಮುನಿಯಲ್ಲಮ್ಮನೊಬ್ಬಳೇ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ.

ಜನ ಚದುರಿದ ಮೇಲೆ ಅವಳು ಬೇಲಿಯ ಹತ್ತಿರ ಹೋಗಿ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದಳು. "ಅಂಗಾರೆ ಸತ್ತ. ಯಾವಾಗ ಸತ್ತ ಅಯ್ನೋರೆ? ನನ್ನ ಮಗೀಗಿಂತ ಮುಂಚೆನಾ, ಆಮೇಲಾ?"

ಉಪದೇಶಿಗಳು ಕನ್ನಡಕ ತೆಗೆದರು. ಸುಳ್ಳು ಹೇಳುವುದು ಸುಲಭವಾಗಿತ್ತು. "ಅದು ಇನ್ನೂ ಆಗಿಲ್ಲ ಕಣಮ್ಮ. ಮುಂದೆ ಆಗೋದು."

"ಇಷ್ಟು ತಿಂಗ್ಳು ನಡೆಸ್ಕೊಂಡು ಬಂದು, ಆಗ್ದೇ ಇರೋ ಕತೆ ಏಳಿದ್ರಾ? ಅವ್ನು ಇನ್ನೂ ತಿರುಗ್ತಾ ಅವ್ನೆ."

"ತಿರುಗ್ತಾನೆ. ತೀರ್ಪು ಆಗಿಹೋಗಿದೆ, ಜಾರಿ ಆಗಬೇಕು ಅಷ್ಟೆ." ಅವರು ತಡವರಿಸಿದರು. "ಆದರೆ ಚೆಲುವಿ ಅವನ ಕೈಯಲ್ಲಿಲ್ಲ. ಅವನು ಅವಳನ್ನ ಮುಟ್ಟೋ ಹಾಗಿಲ್ಲ. ಇದು ಮುಂದೆ ಆಗೋದಲ್ಲ, ಈಗಲೇ ಹೀಗಿದೆ. ನಾನು ಹಾಗೆ ನಂಬಿದೀನಿ."

ಮುನಿಯಲ್ಲಮ್ಮ ಅವರ ಮುಖವನ್ನೇ ನೋಡಿದಳು, ಮಾತಿನಲ್ಲಿ ರುಮಾಲು, ಅತ್ತರು ಏನಾದರೂ ಸೇರಿದೆಯೇ ಎಂದು ಹುಡುಕುವವಳ ಹಾಗೆ. ಏನೂ ಇರಲಿಲ್ಲ.

"ಇದ್ನ ಮೊದ್ಲೇ ಏಳ್ಬಾರ್ದಾಗಿತ್ತಾ ಅಯ್ನೋರೆ," ಎಂದಳು. "ಅವ್ನ ಪ್ರಾಣ ಎಲ್ಲಾದ್ರೂ ಇರ್ಲಿ ಬಿಡಿ. ನಾನು ಕೇಳ್ಬೇಕಾಗಿದ್ದು ಅವ್ನ ಸಮಾಚಾರ ಅಲ್ಲ, ಇದು."

ಸೆರಗಿನಿಂದ ಮೂಗು ಒರೆಸಿಕೊಂಡು ಖಾಲಿ ಚೆಂಬು ಎತ್ತಿಕೊಂಡಳು. ಗೇಟಿನಲ್ಲಿ ಯಾಕೋಬಪ್ಪನವರು ಎದುರಾದರು. "ನಿಮ್ದು ಎಳೆತ ಒಸಿ ಜಾಸ್ತಿ ಆಯ್ತು ಸ್ವಾಮಿ," ಎಂದಳು. "ಸರಪಣಿ ತಾವು ಮೊಟಕಾಗಿ ಅನ್ಬೇಕು. ಬರೋ ವಾರ ಪಕ್ಕದಾಗೆ ಕುಂತ್ಕಳಿ, ತೋರುಸ್ತೀನಿ." ಯಾಕೋಬಪ್ಪನವರು ಆಕಾಶದಲ್ಲಿ ಹೋಗುತ್ತಿದ್ದ ವಿಮಾನವನ್ನು ಬಹಳ ಆಸಕ್ತಿಯಿಂದ ನೋಡಿದರು.

ಅವಳು ಮತಕ್ಕೆ ಸೇರಲಿಲ್ಲ. ಊರಿನ ಮುನೇಶ್ವರನಿಗೆ ತಪ್ಪದೆ ಕಾಯಿ ಒಡೆಸಿದಳು, ಭಾನುವಾರಗಳನ್ನೂ ಬಿಡಲಿಲ್ಲ. ಯಾರಾದರೂ ಕೆಣಕಿದರೆ, ಕತೆ ಇನ್ನೂ ಮುಗಿದಿಲ್ಲ ಎಂದಷ್ಟೇ ಹೇಳುತ್ತಿದ್ದಳು.

ಆ ಕೊನೇ ಭಾಗದ ಭಾನುವಾರ ಅವಳು ಮನೆ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹನುಮಯ್ಯ ತಾನೇ ತೊಳಸಿದ ಗಂಟು ಗಂಟು ಮುದ್ದೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದ. ಎಮ್ಮೆ ಗೂಟ ಕಿತ್ತುಕೊಳ್ಳುವ ಹಾಗೆ ಒದರುತ್ತಿತ್ತು. ಮುನಿಯಲ್ಲಮ್ಮ ಸೀರೆ ಎತ್ತಿ ಕಟ್ಟಿ, ಕರು ಬಿಟ್ಟಳು. ಅದು ನಾಲ್ಕು ಗುಟುಕು ಕುಡಿದು ಎಮ್ಮೆ ಸೊರೆಬಿಟ್ಟು ಹಾಲು ಇಳಿಸಿದ ಮೇಲೆ ಅದನ್ನು ಎಳೆದು ಕಟ್ಟಿದಳು. ಕೆಚ್ಚಲಿಗೆ ನೀರು ಎರಚಿ, ಬೆರಳಿಗೆ ಒಂದು ತೊಟ್ಟು ಹರಳೆಣ್ಣೆ ಸವರಿಕೊಂಡು, ಚೆಂಬನ್ನು ಮಂಡಿಗಳ ನಡುವೆ ಇಟ್ಟು ಹಾಲು ಕರೆಯತೊಡಗಿದಳು.