ಅತ್ತೆಯ ಪಾಲಿನ ಮಾತ್ರೆ

ಶಾಲಾ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕತ್ತರಿ ಅಕ್ಕ ಎಂದೇ. ಹೊಲಿಯುವವರು ಹದಿನಾಲ್ಕು ಜನ, ಕತ್ತರಿಸುವವಳು ಅವಳೊಬ್ಬಳೇ. ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕತ್ತರಿ ಓಡಿಸಿದಳೆಂದರೆ ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ. ಬಾಯಿಯೂ ಅಷ್ಟೇ ಹರಿತ. "ಅಕ್ಕನ ಕೈಗೆ ಸಿಕ್ಕಿದ್ದು ಅಂಗಿ, ಬಾಯಿಗೆ ಸಿಕ್ಕಿದ್ದು ಚಿಂದಿ" ಎಂದು ಹೊಲಿಗೆಯವರು ನಗುತ್ತಿದ್ದರು.

ಇಂಥವಳ ಮೈಗೆ ಆರು ವರ್ಷದಿಂದ ನೋವು ಅಂಟಿಕೊಂಡಿತ್ತು. ಇವತ್ತು ಕತ್ತು, ನಾಳೆ ಭುಜ, ನಾಡಿದ್ದು ಮೈಯೆಲ್ಲ. ರಕ್ತ ಕೊಟ್ಟಳು, ಎಕ್ಸ್‌ರೇ ತೆಗೆಸಿದಳು. ಯಾವ ರಿಪೋರ್ಟಿನಲ್ಲೂ ಏನೂ ಇಲ್ಲ. ಏನೂ ಇಲ್ಲದ ನೋವನ್ನು ಯಾರು ನಂಬುತ್ತಾರೆ ಹೇಳಿ? "ಪಾತ್ರೆ ಕಂಡಾಗ ಮಾತ್ರ ಬರೋ ನೋವು ಕಣ್ರೀ ಅದು, ಬರೀ ನಾಟಕ" ಎಂದು ಅತ್ತೆ ಒಮ್ಮೆ ನೆಂಟರ ಮುಂದೆಯೇ ಅಂದಿದ್ದರು. ಆ ಮಾತು ಅವಳಿಗೆ ಇವತ್ತಿಗೂ ಚುಚ್ಚುತ್ತದೆ.

ಕೊನೆಗೆ ಒಬ್ಬ ಡಾಕ್ಟರು ಅದಕ್ಕೆ ಫೈಬ್ರೊಮಯಾಲ್ಜಿಯ ಎಂದು ಹೆಸರು ಹೇಳಿದರು. ಬೇರೆ ಔಷಧಿಗಳೆಲ್ಲ ಕೈಕೊಟ್ಟ ಮೇಲೆ ಒಂದು ಬಿಳಿ ಮಾತ್ರೆ ಬರೆದರು. "ಇದು ಅಫೀಮಿನ ಜಾತಿಯ ಮಾತ್ರೆ ಕಣಮ್ಮ. ದಿನಕ್ಕೆ ಎರಡು, ಅದೂ ಸ್ವಲ್ಪ ದಿನ ಅಷ್ಟೇ" ಎಂದರು.

ಆ ಸ್ವಲ್ಪ ದಿನ ಎರಡು ವರ್ಷವಾಯಿತು. ಮೊದಮೊದಲು ಅಬ್ಬಾ, ಮೈ ಹತ್ತಿಯಷ್ಟು ಹಗುರ! ಆಮೇಲೆ ಎರಡು ಸಾಲದೆ ಮೂರಾಯಿತು, ಮೂರು ಸಾಲದೆ ನಾಲ್ಕಾಯಿತು. ತಿಂಗಳ ಮಾತ್ರೆ ತಿಂಗಳಿಗೆ ಮುಂಚೆಯೇ ಖಾಲಿಯಾಗುತ್ತಿದ್ದುದು ಡಾಕ್ಟರಿಗೆ ಗೊತ್ತಾಯಿತು. ಅವರು ಬೈಯಲಿಲ್ಲ. "ಈ ಕಾಯಿಲೆಗೆ ಇದು ಬಹಳ ದಿನ ಕೆಲಸ ಮಾಡಲ್ಲಮ್ಮ. ಇಷ್ಟು ದಿನ ಬಿಟ್ಟಿದ್ದು ನನ್ನ ತಪ್ಪೂ ಹೌದು. ನಿಧಾನವಾಗಿ ಇಳಿಸೋಣ" ಎಂದರು.

ಇಳಿಸತೊಡಗಿದ ಮೂರನೇ ವಾರ ಅನಾಹುತವಾಯಿತು. ಒಳಮೈ ಹೊರಮೈ ಬೇರೆಯಿರುವ ಬಟ್ಟೆ ಹಾಸುವಾಗ ಒಂದು ಪದರದ ಹೊರಮೈ ಮೇಲಿದ್ದರೆ ಮುಂದಿನದರ ಹೊರಮೈ ಕೆಳಗಿರಬೇಕು. ಆಗಲೇ ಅಂಗಿಯ ಮುಂಭಾಗಕ್ಕೆ ಎಡಕ್ಕೊಂದು ಬಲಕ್ಕೊಂದು ತುಂಡು ಸಿಗುವುದು. ಅವತ್ತು ಮಾತ್ರೆ ಸಾಲದೆ ಮೈ ಬೆವರುತ್ತಿತ್ತು, ಗಮನ ನಿಲ್ಲುತ್ತಿರಲಿಲ್ಲ. ಎಲ್ಲ ಪದರವನ್ನೂ ಒಂದೇ ಮುಖವಾಗಿ ಹಾಸಿ ಕತ್ತರಿಸಿಬಿಟ್ಟಳು. ಅರವತ್ತು ತುಂಡು, ಅರವತ್ತೂ ಎಡಗಡೆಯವೇ! "ಯಾವ ಶಾಲೆಗೆ ಅಕ್ಕ ಇದು, ಅರ್ಧ ಮೈ ಮಕ್ಕಳು ಓದೋ ಶಾಲೆಗಾ?" ಎಂದು ಯಾರೋ ಕಿಸಕ್ಕೆಂದರು. ಯಜಮಾನರು ನಗಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಮೇಜು ಬೇರೆಯವರಿಗೆ ಕೊಡಬೇಕಾಗುತ್ತೆ" ಎಂದರು.

ಅದೇ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಮುಗಿಸಿ ಮನೆಗೆ ಬಂದಾಗ ಅವರ ಜೊತೆ ಅದೇ ಬಿಳಿ ಮಾತ್ರೆಯೂ ಬಂತು. ಹೊತ್ತು ಹೊತ್ತಿಗೆ ಕೊಡುವ ಕೆಲಸ ಸೊಸೆಯದು.

ಒಂದೇ ಒಂದು, ಇವತ್ತು ಮೇಜಿನ ಮುಂದೆ ನಿಲ್ಲುವುದಕ್ಕೆ, ಅಂದುಕೊಂಡಳು. ಅತ್ತೆಗೆ ಕಣ್ಣು ಮಂಜು. ಕ್ಯಾಲ್ಸಿಯಂ ಮಾತ್ರೆಯೂ ಬಿಳಿಯೇ. ಅದನ್ನು ಅವರ ಅಂಗೈಗೆ ಹಾಕಿ ನೀರಿನ ಲೋಟ ಹಿಡಿದು ನಿಂತಳು. ಅತ್ತೆ ನುಂಗಿ, "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೇ" ಎಂದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಎನ್ನಿಸಿತು, ಅಷ್ಟೇ. ಅಡುಗೆಮನೆಗೆ ಹೋಗಿ ಅತ್ತೆಯ ಮಾತ್ರೆ ಬಾಯಿಗೆ ಹಾಕಿಕೊಂಡಳು.

ಹೀಗೆ ಹನ್ನೊಂದು ದಿನ. ಕಾರ್ಖಾನೆಯಲ್ಲಿ ಗೆರೆ ನೆಟ್ಟಗೆ ಬರುತ್ತಿತ್ತು. ಮನೆಯಲ್ಲಿ ಅತ್ತೆ ಮಗ್ಗುಲು ಬದಲಿಸಲಾರದೆ ಹಾಸಿಗೆಯ ಅಂಚು ಹಿಡಿದು ನರಳುತ್ತಿದ್ದರು. ಬೆಡ್‌ಶೀಟ್ ಬದಲಿಸುವಾಗ ಅವಳು ಅತ್ತೆಯ ಮುಖ ನೋಡುತ್ತಿರಲಿಲ್ಲ. ಛೀ, ಇದೂ ಒಂದು ಬದುಕೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದುಕೊಂಡೇ ಮರುದಿನವೂ ಕದಿಯುತ್ತಿದ್ದಳು.

ಹನ್ನೆರಡನೇ ದಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನೋಡಿದರು. "ಮೂಳೆ ಚೆನ್ನಾಗಿ ಕೂತಿದೆಯಲ್ಲ. ಇಷ್ಟು ಮಾತ್ರೆ ತಗೊಂಡ ಮೇಲೂ ಇಷ್ಟು ನೋವು ಅಂದ್ರೆ... ಕೆಲವರಿಗೆ ಮನಸ್ಸಿಂದಲೂ ಬರುತ್ತಮ್ಮ. ಸ್ವಲ್ಪ ಧೈರ್ಯ ತಂದ್ಕೋಬೇಕು."

ಅತ್ತೆಯ ಮುಖ ಸಣ್ಣಗಾಯಿತು. "ಇಲ್ಲ ಡಾಕ್ಟ್ರೇ, ನಿಜವಾಗ್ಲೂ ನೋಯುತ್ತೆ. ನಾಟಕ ಅಲ್ಲ" ಎಂದು ಸೊಸೆಯ ಕಡೆ ತಿರುಗಿದರು. "ಹಿಂದೆ ನಾನೇ ನಿನಗೆ ಹಾಗಂದಿದ್ದೆ, ತಪ್ಪಾಯ್ತು ಕಣೇ. ಈಗ ನೀನಾದ್ರೂ ಹೇಳು ಇವರಿಗೆ."

ನಿಜವಾಗ್ಲೂ ನೋಯುತ್ತೆ. ಇದೇ ಮಾತನ್ನು, ಹೀಗೇ ಬೇಡುವ ದನಿಯಲ್ಲಿ, ತಾನು ಎಷ್ಟು ಡಾಕ್ಟರುಗಳ ಮುಂದೆ ಹೇಳಿರಲಿಲ್ಲ! ಸುಮ್ಮನಿದ್ದರೆ ಮೇಜೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಅತ್ತೆ ಮಾತ್ರ ಸುಳ್ಳುಗಾತಿಯಾಗುತ್ತಾರೆ.

"ಅತ್ತೆ ಹೇಳ್ತಿರೋದು ನಿಜ" ಎಂದಳು. "ಅವರಿಗೆ ಕೊಟ್ಟಿದ್ದು ಕ್ಯಾಲ್ಸಿಯಂ. ಆ ಮಾತ್ರೆ ನಾನು ತಿಂದೆ."

ಡಾಕ್ಟರು ಕೇಳಿದಾಗ ತನ್ನ ಕಾಯಿಲೆ, ಇಳಿಸುತ್ತಿದ್ದ ಮಾತ್ರೆ ಎಲ್ಲವನ್ನೂ ಹೇಳಿದಳು. ಅವರು ಅತ್ತೆಗೆ ಹೊಸ ಚೀಟಿ ಬರೆದರು, ಅವಳ ಡಾಕ್ಟರಿಗೆ ಬೇರೊಂದು ಕಾಗದ. "ಒಮ್ಮೆಲೇ ನಿಲ್ಲಿಸಬೇಡಿ, ಅವರ ಹತ್ರ ಇವತ್ತೇ ಹೋಗಿ" ಎಂದರು. ಅವಳು ತಲೆಯೆತ್ತದೆ ಎರಡನ್ನೂ ತೆಗೆದುಕೊಂಡಳು.

ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಬಂದಳು. ಬೈಗುಳಕ್ಕೆ ಬೆನ್ನು ಗಟ್ಟಿಮಾಡಿಕೊಂಡಿದ್ದಳು. ಅತ್ತೆ ಹಿಂದಿರುಗಿ ನೋಡದೆ ಕೇಳಿದರು: "ನಿನಗೆ ಅಷ್ಟೊಂದು ನೋಯ್ತಿತ್ತೇನೇ?"

ಆರು ವರ್ಷದಿಂದ ಆ ಮನೆಯಲ್ಲಿ ಯಾರಾದರೂ ಇದನ್ನೊಮ್ಮೆ ಕೇಳಲಿ ಎಂದು ಕಾದಿದ್ದಳು. ಕೇಳಿದ್ದು ಇವತ್ತು, ಮಾತ್ರೆ ಕದ್ದದ್ದು ಬಯಲಾದ ಮೇಲೆ. ನಾಚಿಕೆಯಿಂದ ಕಣ್ಣು ಉರಿದು, ಕುರ್ಚಿಯ ಹಿಡಿ ಬಿಗಿಹಿಡಿದು ತಳ್ಳುತ್ತಲೇ ಇದ್ದಳು.

ಔಷಧಿ ಅಂಗಡಿಯ ಮುಂದೆ ಅತ್ತೆ ಕೈ ಚಾಚಿದರು. "ಚೀಟಿ ನನ್ನ ಕೈಗೆ ಕೊಡು."

ಅವಳು ಕೊಟ್ಟಳು.