ಕ್ಲಚ್ ಜಾರಿದ ವಾರ

ನೇಜಿಗೆ, ಅಂದರೆ ಭತ್ತದ ಎಳೆಯ ಸಸಿಗೆ, ಹದಿನೇಳು ದಿನವಾಗಿದ್ದ ಗುರುವಾರ ಬೆಳಿಗ್ಗೆ ನಮ್ಮ ಹಳೆಯ ಟ್ರ್ಯಾಕ್ಟರ್ ಗದ್ದೆಯ ನಡುವೆ ಕೂಗಿತೇ ವಿನಾ ಮುಂದೆ ಹೋಗಲಿಲ್ಲ. ಆಕ್ಸಿಲರೇಟರ್ ಎಳೆದಷ್ಟೂ ಇಂಜಿನಿನ ಸದ್ದು ಏರುತ್ತಿತ್ತು. ಚಕ್ರಗಳು ಮಾತ್ರ ಕೆಸರಿನಲ್ಲಿ ಸೋಮಾರಿಯಂತೆ ಹೊರಳುತ್ತಿದ್ದವು. ಜೊತೆಗೆ ಮೂಗಿಗೆ ಅಡರುವ ಸುಟ್ಟ ವಾಸನೆ.

ಬೆಳ್ಮಣ್ಣಿನ ನಮ್ಮ ಮನೆಗೆ ಆ ಟ್ರ್ಯಾಕ್ಟರ್ ಬಂದಂದಿನಿಂದ ಅದನ್ನು ಓಡಿಸಿದವರು ಚಿಕ್ಕಪ್ಪ. ಈ ಬೇಸಿಗೆಯ ಕೊನೆಗೆ ಮಣಿಪಾಲದಲ್ಲಿ ಅವರ ಎಡ ಮೊಣಕಾಲಿನ ಆಪರೇಷನ್ ಆಯಿತು. ಕ್ಲಚ್ ಒತ್ತುವ ಕಾಲು ಅದೇ. ಹಾಗಾಗಿ ಈ ಸಲ ಮೊದಲ ಉಳುಮೆಯಿಂದಲೇ ಸೀಟು ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಸ್ಕೂಟರು, ಕಾರು ಎರಡೂ ಓಡಿಸುವವಳು, ಟ್ರ್ಯಾಕ್ಟರ್ ಎಂತ ಮಹಾ ಎಂದುಕೊಂಡಿದ್ದೆ. ಮಳೆಗೆಂದು ಶಾಲೆಗೆ ರಜೆ ಕೊಟ್ಟಿದ್ದರು. ಭಾನುವಾರ ನಾಟಿ ಯಂತ್ರ ಬರುವುದಿತ್ತು. ಯಂತ್ರದ ನಾಟಿಗೆಂದು ಚಾಪೆಯಂತೆ ಬೆಳೆಸಿದ ನೇಜಿ ಇಪ್ಪತ್ತು ದಿನ ದಾಟಿದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಯಂತ್ರ ಕಿತ್ತರೂ ಬಿಡಿಯಾಗುವುದಿಲ್ಲ. ನನ್ನ ತಲೆಯೊಳಗೆ ಆ ದಿನಗಳೇ ಓಡುತ್ತಿದ್ದವು.

ಹಿರಿಯಡ್ಕದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ನಾಳೆ ಬರ್ತೇನೆ ಟೀಚರೇ. ಅಷ್ಟರಲ್ಲಿ ಕ್ಲಚ್ ಪೆಡಲಿಗೆ ಎಷ್ಟು ಫ್ರೀ ಉಂಟು ನೋಡಿ. ಕೈಯಲ್ಲಿ ಒತ್ತುವಾಗ ಮೊದಲು ಎರಡು ಬೆರಳಿನಷ್ಟು ಸುಮ್ಮನೆ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು."

ಒತ್ತಿ ನೋಡಿದೆ. ಸುಮ್ಮನೆ ಹೋಗುವ ಮಾತೇ ಇರಲಿಲ್ಲ, ಮುಟ್ಟಿದೊಡನೆ ಬಿಗಿ. ಅಂದರೆ ಕಾಲು ತೆಗೆದ ಮೇಲೂ ಕ್ಲಚ್ ಪೂರ್ತಿ ಹಿಡಿಯುತ್ತಿಲ್ಲ. ಪೆಡಲಿನ ಕೆಳಗಿನ ರಾಡಿನ ನಟ್ಟು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಕಾದು, ಸ್ಪ್ಯಾನರಿಗೆ ಜೋತುಬಿದ್ದು ಸಡಿಲಿಸಿ, ಎರಡು ಬೆರಳಿನಷ್ಟು ಅಂತರ ಬರುವಂತೆ ಸರಿಮಾಡಿದೆ. ಒಂದು ಗದ್ದೆಯ ಅರ್ಧ ಉಳುವಷ್ಟರಲ್ಲಿ ಮತ್ತೆ ಅದೇ ಕೂಗು, ಅದೇ ವಾಸನೆ. ಲೋ ಗೇರಿನಲ್ಲಿ ಹೇಗೋ ತೆವಳಿಸಿ ಶೆಡ್ಡಿಗೆ ತಂದೆ.

ಚಿಕ್ಕಪ್ಪ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಕೈಯ ಗ್ರೀಸನ್ನೂ ಒರೆಸದೆ ಅವರ ಮೇಲೆ ಹರಿಹಾಯ್ದೆ.

"ಬೇಸಿಗೆಯಿಡೀ ನೆರೆಮನೆಯವರ ಕೆಂಪುಕಲ್ಲು ಹೇರಿದ್ರಲ್ಲ ಚಿಕ್ಕಪ್ಪ, ಆಗಲೇ ಕ್ಲಚ್ ಸುಟ್ಟುಹೋಗಿದೆ. ಈಗ ಅನುಭವಿಸುವುದು ನಾನು!"

"ಆಗಿರಬಹುದು," ಎಂದರು ಅವರು. ಆ ಶಾಂತಿಯೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಶುಕ್ರವಾರ ಬಂದ ಮೆಕ್ಯಾನಿಕ್ ಮೊದಲು ಬ್ರೇಕ್ ಹಾಕಿ, ಮೇಲಿನ ಗೇರಿಗೆ ತಂದು, ಮೆಲ್ಲಗೆ ಕ್ಲಚ್ ಬಿಟ್ಟರು. "ಸರಿ ಇದ್ರೆ ಇಂಜಿನ್ ಈಗ ಆಫ್ ಆಗಬೇಕು," ಎಂದರು. ಇಂಜಿನ್ ಆರಾಮವಾಗಿ ಓಡುತ್ತಲೇ ಇತ್ತು. ಆಮೇಲೆ ಟ್ರ್ಯಾಕ್ಟರಿನ ಹೊಟ್ಟೆಯಡಿ ಮಲಗಿ, ಕ್ಲಚ್ ಡಬ್ಬಿಯ ತಳದ ತೂತಿಗೆ ತಂತಿ ಚುಚ್ಚಿ ನೋಡಿದರು. ಒಂದು ಹನಿ ಎಣ್ಣೆಯೂ ಬೀಳಲಿಲ್ಲ. "ಸೀಲು ಹೋಗಿ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ದಲ್ಲ. ಬಿಚ್ಚಲೇಬೇಕು."

ಇಂಜಿನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಜ್ಯಾಕು, ಮರದ ದಿಮ್ಮಿ, ನಮ್ಮಿಬ್ಬರ ಭುಜ. ಟ್ರ್ಯಾಕ್ಟರ್ ಎರಡು ತುಂಡಾಗಿ ನಿಂತಿತು. ಪ್ಲೇಟು ಸವೆದು ರಿವೆಟ್ಟುಗಳು ಹೊರಗೆ ಕಾಣುತ್ತಿದ್ದವು. ಮೆಕ್ಯಾನಿಕ್ ಅದನ್ನು ಬದಿಗಿಟ್ಟು, ಪೆಡಲ್ ಒತ್ತಿದಾಗ ಮುಂದೆ ಬಂದು ತಾಗುವ ಬೇರಿಂಗನ್ನು ಎತ್ತಿ ತೋರಿಸಿದರು. ಅದರ ಮುಖ ಕಾದು ಕಾದು ನೀಲಿಯಾಗಿತ್ತು.

"ಈ ಮಳೆಗಾಲ ಓಡಿಸಿದ್ದು ಯಾರು?"

"ನಾನೇ. ಯಾಕೆ? ಬೇಸಿಗೆಯಲ್ಲಿ ಚಿಕ್ಕಪ್ಪ ಕಲ್ಲು ಹೇರಿದ್ದಕ್ಕೆ ಹೀಗಾದದ್ದಲ್ವಾ?"

"ಇದು ಕಲ್ಲು ಹೇರಿ ಆದದ್ದಲ್ಲ ಟೀಚರೇ. ಪೆಡಲಿನ ಮೇಲೆ ಇಡೀ ದಿನ ಕಾಲು ಇಟ್ಟರೆ ಹೀಗಾಗುತ್ತದೆ. ಹೋದ ವರ್ಷ ನಾನೇ ಬಿಚ್ಚಿ ಹೊಸ ಬೇರಿಂಗ್ ಹಾಕಿದ್ದೆ."

ಕಾರಿನಲ್ಲೂ ನನ್ನ ಎಡಗಾಲು ಕ್ಲಚ್ಚಿನ ಮೇಲೇ ಇರುತ್ತದೆ. ಯಾವ ಕ್ಷಣಕ್ಕೂ ನಿಲ್ಲಿಸಬೇಕಾದೀತು, ತಿರುಗಿಸಬೇಕಾದೀತು ಎಂಬ ಅವಸರ. ತರಗತಿಯಲ್ಲಿ ಕುಳಿತಾಗಲೂ ಆ ಕಾಲು ಸುಮ್ಮನೆ ಕುಣಿಯುತ್ತಿರುತ್ತದೆ. ಮಕ್ಕಳು ನಗುವುದುಂಟು.

ಸವೆದ ಪ್ಲೇಟನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ. ಕಾರ್ಕಳದಲ್ಲಿ ಇಲ್ಲ. ಶನಿವಾರ ಉಡುಪಿಯಲ್ಲಿ ಎರಡು ಅಂಗಡಿ, ಎರಡರಲ್ಲೂ "ಆ ಮಾಡೆಲ್ ಈಗ ಬರುವುದಿಲ್ಲ." ರೇನ್‌ಕೋಟಿನೊಳಗೂ ನೆನೆದಿದ್ದೆ. ಕೊನೆಗೆ ಕಾಪುವಿನಲ್ಲಿ, ದೋಣಿಯ ಇಂಜಿನ್ ಸಾಮಾನು ಮಾರುವ ಅಂಗಡಿಯವರು ಹಳೆಯ ಪ್ಲೇಟನ್ನು ಅಂಗೈ ಮೇಲೆ ತಿರುಗಿಸಿ, ನಡುವಿನ ತೂತಿನ ಹಲ್ಲುಗಳನ್ನು ಎಣಿಸಿ, ಒಳಗಿನಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ತಂದರು. ಬೇರಿಂಗೂ ಸಿಕ್ಕಿತು. ನಾಟಿ ಯಂತ್ರದವರಿಗೆ ಅಲ್ಲಿಂದಲೇ ಫೋನ್ ಮಾಡಿ ಗೋಗರೆದು ಮಂಗಳವಾರಕ್ಕೆ ಒಪ್ಪಿಸಿದೆ.

ಭಾನುವಾರ ಟ್ರ್ಯಾಕ್ಟರ್ ಮತ್ತೆ ಒಂದಾಯಿತು. ಬ್ರೇಕ್ ಹಾಕಿ ಕ್ಲಚ್ ಬಿಟ್ಟಾಗ ಇಂಜಿನ್ ಒಮ್ಮೆ ಕೊಸರಾಡಿ ಆಫ್ ಆಯಿತು. ಇಂಜಿನ್ ಆಫ್ ಆದದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಮೆಕ್ಯಾನಿಕ್ ಹೋದ ಮೇಲೆ ಜಗಲಿಗೆ ಹೋದೆ. ಎರಡು ದಿನ ಮನಸ್ಸಿನೊಳಗೆ ತಿದ್ದಿ ಇಟ್ಟ ಮಾತು ಬಿಟ್ಟು ನೇರವಾಗಿ ಹೇಳಿದೆ.

"ಚಿಕ್ಕಪ್ಪ, ತಪ್ಪು ನನ್ನದೇ. ನಾನು ಕಾಲು ತೆಗೆಯುತ್ತಲೇ ಇರಲಿಲ್ಲವಂತೆ."

"ಗೊತ್ತುಂಟು. ಮೊದಲ ದಿನವೇ ನೋಡಿದ್ದೆ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನೀನು ಸಿಟ್ಟು ಮಾಡಿ ಇಳಿದು ಹೋಗ್ತಿದ್ದೆ ಮಾರಾಯ್ತಿ. ಮತ್ತೆ ಗದ್ದೆಗೆ ಯಾರುಂಟು?"

ಅವರು ಹೇಳಿದ್ದು ಸುಳ್ಳಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಮಾತು ಕೇಳಿಸಿಕೊಂಡು ಮೂರು ದಿನ ಸುಮ್ಮನಿದ್ದರಲ್ಲ, ಅದನ್ನು ನುಂಗಲು ಕಷ್ಟವಾಯಿತು.

"ಇನ್ನು ಹೇಳಿ," ಎಂದೆ. "ಇಳಿದು ಹೋಗುವುದಿಲ್ಲ."

ಸೋಮವಾರ ಅವರು ಕೋಲೂರಿ ಗದ್ದೆಯ ಬದುವಿನವರೆಗೆ ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಕುಳಿತು, ನನ್ನ ಕಾಲು ಪೆಡಲಿನ ಕಡೆ ಸರಿದಾಗಲೆಲ್ಲ "ಕಾಲು!" ಎಂದು ಕೂಗಿದರು. ಒಮ್ಮೆ ಸಿಟ್ಟಿನಿಂದ ತಿರುಗಿ ನೋಡಿದೆ. ಅವರು ಇನ್ನೂ ಜೋರಾಗಿ ಕೂಗಿದರು.

ಮಂಗಳವಾರ ನಾಟಿ ಮುಗಿಯಿತು. ನೇಜಿ ಬಲಿತಿದ್ದರಿಂದ ಯಂತ್ರ ಅಲ್ಲಲ್ಲಿ ಬಿಟ್ಟುಹೋಗಿತ್ತು. ಆ ಖಾಲಿ ಜಾಗಗಳಲ್ಲಿ ಸಂಜೆಯವರೆಗೆ ನಾನು ಕೈಯಿಂದ ನೆಟ್ಟೆ. ಬಗ್ಗಲಾರದ ಚಿಕ್ಕಪ್ಪ ಕುರ್ಚಿಯಲ್ಲಿ ಕುಳಿತು, ಹೆಣೆದುಕೊಂಡ ಬೇರುಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು.