ಬಳೆ ತೆಗೆದಿಟ್ಟು ಹೋಗುವ ಕೋಣೆ

ಮಕ್ಕಳೇ ವಿಜಯಾ, ಚನ್ನೂ, ಇದು ನಾನು ಮುಂಬಯಿಗೆ ಬಂದ ಹೊಸತರ ಮಾತು. ಒಂದು ಬೆಳಿಗ್ಗೆ ನನ್ನ ಮಗಳು, ನಿಮ್ಮವ್ವ, ಬೋಳುಗೈಯಲ್ಲಿ ಬಚ್ಚಲಿನಿಂದ ಹೊರಗೆ ಬಂದಳು. ಹಿಂದಿನ ದಿನ ಬಸುರಿಗೆ ಮಾಡುವ ಕುಬಸದಲ್ಲಿ ನೆರೆಯವರು ತೊಡಿಸಿದ್ದ ಹಸಿರು ಬಳೆಗಳನ್ನೆಲ್ಲ ಸಾಬೂನು ಹಚ್ಚಿ ಜಾರಿಸಿ ತೆಗೆದಿದ್ದಳು. ವಿಜಯಾ, ಆಗ ನೀನು ಅವಳ ಹೊಟ್ಟೆಯಲ್ಲಿದ್ದೆ. ನಿಮ್ಮಜ್ಜ ತೀರಿಹೋದ ದಿನ ನನ್ನ ಕೈ ಬೋಳಾದದ್ದು ನೆನಪಾಯಿತು. ಅಳಿಯನ ಕಡೆ ನೋಡಿದೆ. ಅವನು ಗೊರಕೆ ಹೊಡೆಯುತ್ತಿದ್ದ.

"ಇದೇನವ್ವಾ ಅನಿಷ್ಟ!"

"ನಮ್ಮ ಕೆಲಸದ ಕೋಣ್ಯಾಗ ಬೆಳಕಿನ ಯಂತ್ರ ಅದಾವ, ಬಳಿ ನಡ್ಯಂಗಿಲ್ಲಬೇ. ಸಂಜಿಗೆ ಹಾಕ್ಕೋತೀನಿ."

ಲಕ್ಷ್ಮೇಶ್ವರದಲ್ಲಿ ನಮ್ಮ ಅಂಗಳವೇ ಇಲ್ಲಿಯ ಮನೆಗಿಂತ ದೊಡ್ಡದು. ಇಲ್ಲಿ ಒಂದೇ ಖೋಲಿ, ಅಂದರೆ ಕೋಣೆ. ರೊಟ್ಟಿ ಬಡಿದರೆ ಪಕ್ಕದವರು ಗೋಡೆ ಬಡಿಯುತ್ತಿದ್ದರು. ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲದೆ ದಿನವಿಡೀ ಆ ಬಳೆಗಳ ಮುಂದೆ ಕುಳಿತು ಅಂಜುತ್ತಿದ್ದೆ. ಊರಲ್ಲಿ ಗ್ರಹಣ ಹಿಡಿದರೆ ಬಸುರಿಯರನ್ನು ಒಳಗೆ ಕೂಡಿಸಿ ಕಿಟಕಿಗೆ ಕೌದಿ ಕಟ್ಟುತ್ತಿದ್ದೆವು. ಇಲ್ಲಿ ಬಸುರಿ ತಾನಾಗಿ ಯಾವುದೋ ಬೆಳಕಿನ ಎದುರಿಗೆ ಹೋಗುತ್ತಿದ್ದಳು.

"ನೀನ ಬಂದು ನೋಡು" ಎಂದು ಒಮ್ಮೆ ತನ್ನ ಪ್ರಯೋಗಶಾಲೆಗೆ ಕರೆದೊಯ್ದಳು. ಬಾಗಿಲಲ್ಲಿದ್ದ ಮುದುಕ ಒಳಹೋಗುವವರ ಕೈ ನೋಡಿ ಬಳೆ, ಗಡಿಯಾರ ತೆಗೆಸುತ್ತಿದ್ದ. ನನ್ನ ಕೈ ನೋಡಿ "ಆಜಿ ಚಾಲೇಲ್" ಎಂದ. ಮರಾಠಿಯಲ್ಲಿ, ಅಜ್ಜಿ, ನಡೆಯುತ್ತದೆ ಎಂದು ಅರ್ಥ. ಕುಬಸದಲ್ಲಿ ವಿಧವೆಯ ಕೈ ಕಾಣಬಾರದೆಂದು ಸೆರಗಿನೊಳಗೆ ಮುಚ್ಚಿಕೊಂಡಿದ್ದ ಕೈಗಳು ಅವು.

ಒಳಗೆ ಕರಿ ಪರದೆ. ಲೇಸರ್ ಎಂಬ ದೊಡ್ಡ ಬೆಳಕಿನ ಯಂತ್ರ ಆರಿಸಿ ಸಣ್ಣ ದೀಪ ಹಚ್ಚಿದಳು. ಎರಡು ಗಾಜಿನ ಬಿಲ್ಲೆ ಹಿಡಿದು ಒಂದನ್ನು ತಿರುಗಿಸಿದಳು. ಬೆಳಕು ಆರಿತು. ಇನ್ನಷ್ಟು ತಿರುಗಿಸಿದಳು, ಬಂತು. ಇದೆಂಥ ಮಾಟವೆಂದು ನಾನು ಹಿಂದೆ ಸರಿದೆ.

"ಮೊದಲನೇ ಬಿಲ್ಲಿ ದಾಟಿದ ಬೆಳಕು ಒಂದ ದಿಕ್ಕಿಗೆ ತೂಗತೈತಿ. ಎರಡನೇದು ಅಡ್ಡ ಬಂದ್ರ ತಡೀತೈತಿ." ಗುಲಾಬಿ ಬಣ್ಣದ ನೀರಿನ ಸೀಸೆ ತೋರಿಸಿದಳು. "ಇದು ಬೆಟಗೇರಿಯಾಗ ನೂಲಿಗೆ ಹಾಕ್ತಾರಲ್ಲ, ಅಂಥಾ ಬಣ್ಣ. ಇದರ ಅಣು ನೀರಾಗ ಹೆಂಗ ಹೊರಳತಾವ ಅಂತ ಇಂಥಾ ಬೆಳಕಿಲೇ ಅಳೀತೀವಿ. ರೆಪ್ಪಿ ಬಡ್ಯೂದಕ್ಕಿಂತ ಎಷ್ಟೋ ಜಲ್ದಿ ಮಿಂಚಿ ಹೋಗೂ ಬೆಳಕು."

"ಬಳಿ ಏನ್ ಮಾಡಿತ್ತು?"

"ಆ ಬೆಳಕು ಬಳಿಗೆ ಬಡಿದು ತಿರುಗಿ ಯಾರದರ ಕಣ್ಣಿಗೆ ಹೊಕ್ಕರ ಕಣ್ಣು ಹೋಗತೈತಿ."

"ಹೊಟ್ಯಾಗಿನ ಕೂಸಿಗೆ?"

"ನನ್ನ ಸೀರೀನೂ ದಾಟಂಗಿಲ್ಲ ಅದು."

ಕೂಸಿನ ಅಂಜಿಕೆ ಇಳಿಯಿತು, ಅವಳ ಕಣ್ಣಿನ ಅಂಜಿಕೆ ಏರಿತು. ಸಂಜೆ ಅವಳು ಬಳೆಗಳನ್ನು ನನ್ನ ಮುಂದಿಟ್ಟಳು. "ನೀನ ಇಡಸು."

"ನನ್ನ ಕೈಲೆ ಬ್ಯಾಡವ್ವಾ, ಮುತ್ತೈದೇರನ್ನ ಯಾರನ್ನರ ಕರಿ."

"ನಿನ್ನ ಬೋಳುಗೈ ಬೆಳಕಿನ ಮುಂದ ನಡೀತು, ನನ್ನ ಮುಂದ ನಡ್ಯಂಗಿಲ್ಲೇನು?"

ಒಂದೊಂದಾಗಿ ತೊಡಿಸಿದೆ. ಒಂದೂ ಒಡೆಯಲಿಲ್ಲ. ವಿಜಯಾ, ನೀನು ಹುಟ್ಟುವವರೆಗೂ ಸಂಜೆ ಅವಳು ಬಂದ ಕೂಡಲೆ ಮೊದಲು ಕಣ್ಣು ನೋಡಿ, ಆಮೇಲೆ ಬಳೆ ತೊಡಿಸುತ್ತಿದ್ದೆ.

ಈಗಲೂ ಊರಿಗೆ ಹೋದರೆ ಕುಬಸದಲ್ಲಿ ಹಿಂದೆ ನಿಲ್ಲುತ್ತೇನೆ. ಅಲ್ಲಿ ಹಾಗೆಯೇ ಸರಿ ಅನ್ನಿಸುತ್ತದೆ. ಇಲ್ಲಿ ಸಂಜೆಯಾದರೆ ಬಳೆ ತೊಡಿಸಲು ಕೈ ತಾನಾಗಿ ಮುಂದೆ ಬರುತ್ತದೆ. ಯಾವುದು ನನ್ನ ಕೈಯೋ ತಿಳಿಯದು. ಮಕ್ಕಳೇ, ಆ ಬಳೆಗಳಿರುವ ಡಬ್ಬಿಯಲ್ಲೇ ಈ ಹಾಳೆಗಳನ್ನೂ ಇಟ್ಟುಕೊಳ್ಳಿರಿ. ಜೋಪಾನ.